ತಮ್ಮನ ಬಾಗಿಲಿಗೆ ಹಾಕಿದ ಬಾರ್

ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಅವನನ್ನು ಎಲ್ಲರೂ ‘ಮೇಲಿನವರು’ ಎಂದೇ ಕರೆಯುತ್ತಿದ್ದರು. ಗೋಪುರದಂಥ ಕ್ರೇನಿನ ತುದಿಯಲ್ಲಿ, ಗಾಜಿನ ಪುಟ್ಟ ಗೂಡಿನೊಳಗೆ ಕೂತು ಕಬ್ಬಿಣದ ಸರಳಿನ ಕಟ್ಟುಗಳನ್ನೂ ಕಾಂಕ್ರೀಟಿನ ಬಕೆಟ್ಟನ್ನೂ ಎತ್ತಿ ಇಳಿಸುವುದು ಅವನ ಕೆಲಸ. ಕೆಳಗಿದ್ದವರಿಗೆ ಏನಾದರೂ ಸಾಮಾನು ಬೇಕಾದಾಗ ತಲೆಯೆತ್ತಿ, “ಮೇಲಿನವರು ಮನಸ್ಸು ಮಾಡ್ಬೇಕಪ್ಪ” ಎನ್ನುತ್ತಿದ್ದರು. ಹೊಸದಾಗಿ ಸೇರಿದವರು ಒಂದೆರಡು ದಿನ ಇವರೆಲ್ಲ ಭಾರೀ ದೈವಭಕ್ತರಿರಬೇಕು ಅಂದುಕೊಳ್ಳುತ್ತಿದ್ದರು.

ಮೇಲಿನವರಿಗೆ ಐವತ್ತು ದಾಟಿತ್ತು. ಹೊಟ್ಟೆ ಬಂದಿತ್ತು. ದಿನಾ ಅಷ್ಟೆತ್ತರದ ಏಣಿ ಹತ್ತುವವರಿಗೆ ಹೊಟ್ಟೆ ಹೇಗೆ ಬರುತ್ತದೆ ಎಂದು ಹೆಂಡತಿ ಕೇಳಿದರೆ, “ಹತ್ತೋದು ಒಂದು ಸಲ, ಇಳಿಯೋದು ಒಂದು ಸಲ. ಕೂರೋದು ದಿನವಿಡೀ” ಎನ್ನುತ್ತಿದ್ದ.

ಹೀಗಿರುವಾಗ ಅದೇ ಕಂಪನಿಯ ಇನ್ನೊಂದು ಕಟ್ಟಡದಲ್ಲಿ ಆಪರೇಟರೊಬ್ಬನಿಗೆ ಏಣಿ ಇಳಿಯುವಾಗ ಕಾಲು ಜಾರಿತು. ಎರಡೂ ಕೈಯಲ್ಲಿ ಏಣಿಯ ಮೆಟ್ಟಿಲು ಹಿಡಿದು ಜೋತುಬಿದ್ದ. ಮೈಯನ್ನು ಒಂದು ಗೇಣು ಮೇಲೆ ಎಳೆದುಕೊಂಡಿದ್ದರೆ ಕಾಲಿಗೆ ಮೆಟ್ಟಿಲು ಸಿಗುತ್ತಿತ್ತು, ಅಷ್ಟೂ ಆಗಲಿಲ್ಲ. ಸೊಂಟಕ್ಕೆ ಬೆಲ್ಟು ಕಟ್ಟಿದ್ದರಿಂದ ಜೀವ ಉಳಿಯಿತು. ಹಗ್ಗ ಹಾಕಿ ಅವನನ್ನು ಸಾಮಾನಿನ ಹಾಗೆ ಇಳಿಸಿದರು. ಅದಾದ ವಾರಕ್ಕೇ ಆದೇಶ ಬಂತು. ಐವತ್ತು ದಾಟಿದ ಆಪರೇಟರುಗಳೆಲ್ಲ ಮುಂದಿನ ತಿಂಗಳು ಸುರಕ್ಷಾಧಿಕಾರಿಯ ಎದುರು ಕಬ್ಬಿಣದ ಸರಳಿಗೆ ಅರ್ಧ ನಿಮಿಷ ಜೋತುಬೀಳಬೇಕು. ಆಮೇಲೆ ಒಂದೇ ಒಂದು ಸಲ, ಗಲ್ಲ ಸರಳಿನ ಮೇಲೆ ಬರುವಂತೆ ಮೈಯನ್ನು ಎಳೆದುಕೊಳ್ಳಬೇಕು. ಆಗದವರಿಗೆ, ಆಗುವ ತನಕ, ನೆಲದ ಮೇಲೆ ಉಗ್ರಾಣದ ಕೆಲಸ.

“ಒಂದು ಸಲ ತಾನೆ” ಎಂದ ಮೇಲಿನವರು.

ಅವನ ಜೊತೆಗಾರ ಇನ್ನೊಬ್ಬ ಆಪರೇಟರ್ ಇದ್ದ. ದಪ್ಪ ಮೀಸೆಯವನಾದ್ದರಿಂದ ಅವನ ಹೆಸರೇ ಮೀಸೆ. ಇಬ್ಬರೂ ಊಟದ ಬಿಡುವಿನಲ್ಲಿ ಯಾರೂ ಇಲ್ಲದ ಕಡೆ ಸಾರುವೆಯ ಪೈಪು ಹಿಡಿದು ನೋಡಿದರು. ಮೀಸೆ ಮಾಗಿದ ಹಣ್ಣಿನ ಹಾಗೆ ಕೂಡಲೇ ಉದುರಿದ. ಮೇಲಿನವರು ಸ್ವಲ್ಪ ಹೊತ್ತು ನೇತಾಡಿದ. ಮೇಲಕ್ಕೆ ಎಳೆದುಕೊಳ್ಳಲು ಹೋದರೆ ಮೊಣಕೈ ಮಡಚಲೇ ಇಲ್ಲ, ಕತ್ತು ಮಾತ್ರ ಉದ್ದವಾಯಿತು.

“ಟನ್‌ಗಟ್ಟಲೆ ಎತ್ತೋರು ನಾವು. ನಮ್ಮನ್ನೇ ಎತ್ಕೊಳ್ಳೋಕೆ ಆಗಲ್ವಲ್ಲಪ್ಪ” ಎಂದು ಮೀಸೆ ನಕ್ಕ. ಮೇಲಿನವರಿಗೆ ನಗು ಬರಲಿಲ್ಲ. ಉಗ್ರಾಣದಲ್ಲಿ ಕೂತು ಬಂದವರಿಗೆ ಹೆಲ್ಮೆಟ್ಟು, ಕೈಗವಸು ಕೊಡುವ ತನ್ನ ಚಿತ್ರ ಕಣ್ಣ ಮುಂದೆ ಬಂದು, ಆ ದಿನ ಉಣ್ಣಲೂ ಮನಸ್ಸಾಗಲಿಲ್ಲ.

ಸಂಜೆ ಮನೆಗೆ ಬಂದವನೇ ಹೆಂಡತಿಗೆ, “ಮನೇಲೊಂದು ಬಾರ್ ಇಟ್ಕೊಳ್ಳೋಣ ಅಂತಿದೀನಿ” ಎಂದ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಚಕ್ರಕ್ಕೆ ಕೈಯೊತ್ತಿ ನಿಲ್ಲಿಸಿದಳು. ಅವಳು ಅಂಗಡಿಗಳಿಗೆ ಪರದೆ ಹೊಲಿದುಕೊಡುವವಳು. ಮನೆಯ ನಡುಕೋಣೆಯ ಅರ್ಧ ಯಾವಾಗಲೂ ಬಟ್ಟೆಯ ಸುರುಳಿಗಳಿಂದ ತುಂಬಿರುತ್ತಿತ್ತು.

“ಇಷ್ಟು ದಿನ ಹೊರಗೂ ಮುಟ್ಟಿದವರಲ್ಲ ನೀವು. ಈಗ ಮನೇಲೇ ಇಟ್ಕೋತೀರಾ?”

“ಕುಡಿಯೋ ಬಾರ್ ಅಲ್ಲ ಕಣೆ. ಜೋತುಬೀಳೋದು. ಪುಲ್-ಅಪ್ ಬಾರ್. ಬಾಗಿಲಿಗೆ ಹಾಕೋದು.”

ಅವಳು ಪೂರ್ತಿ ಕೇಳಿಸಿಕೊಂಡಳು. “ಮೊಳೆ ಹೊಡೆಯೋ ಹಾಗಿಲ್ಲ, ನೆನಪಿರಲಿ. ಕ್ಯಾಲೆಂಡರ್ ಹಾಕೋಕೂ ಮನೆ ಓನರ್‌ನ ಕೇಳ್ಬೇಕು ನಾವು” ಎಂದಷ್ಟೇ ಹೇಳಿ ಮತ್ತೆ ಚಕ್ರ ತಿರುಗಿಸಿದಳು.

ಮನೆಯಲ್ಲಿ ಮೂರನೆಯವನೊಬ್ಬನಿದ್ದ, ಅವನ ತಮ್ಮ. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಿದ್ದ ಕೋಣೆಯಲ್ಲಿ ತಮ್ಮ ಬಂದು ಸೇರಿ ವರ್ಷವಾಗುತ್ತ ಬಂದಿತ್ತು. ಅಷ್ಟೂ ಕಾಲ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ.

ಕಾರಣ ಒಂದೇ ವಾಕ್ಯ. ತಮ್ಮ ಎರಡು ಪೆಟ್ಟಿಗೆ ಹಿಡಿದುಕೊಂಡು ಬಂದು, ತಾನೂ ಹೆಂಡತಿಯೂ ಬೇರೆಯಾದೆವೆಂದು ಹೇಳಿದ ದಿನ ಅಣ್ಣನ ಬಾಯಿಂದ, “ಒಬ್ಬಳನ್ನ ಬಾಳಿಸೋಕಾಗ್ಲಿಲ್ವಾ ನಿನ್ನ ಕೈಲಿ?” ಎಂಬ ಮಾತು ಬಂದುಬಿಟ್ಟಿತ್ತು. ತಮ್ಮ ಪೆಟ್ಟಿಗೆಗಳನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡ. ಮಾರನೆಯ ದಿನದಿಂದ ಅವನಿಗೆ ಏನು ಬೇಕಾದರೂ ಅತ್ತಿಗೆಯ ಮೂಲಕ, ಅಣ್ಣನಿಗೆ ಏನು ಬೇಕಾದರೂ ಹೆಂಡತಿಯ ಮೂಲಕ. ತಮ್ಮನ ಕೆಲಸ ಶ್ರವಣಯಂತ್ರದ ಅಂಗಡಿಯಲ್ಲಿ. ಕಿವಿ ಮಂದವಾದವರನ್ನು ಕೂರಿಸಿ, ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂದು ಪರೀಕ್ಷೆ ಮಾಡಿ ಯಂತ್ರ ಹೊಂದಿಸಿಕೊಡುತ್ತಿದ್ದ. “ಊರಿಗೆಲ್ಲ ಕಿವಿ ಕೊಡ್ತಾನೆ, ನನ್ನ ಮಾತಿಗೆ ಮಾತ್ರ ಕಿವುಡು” ಎಂದು ಅಣ್ಣ ಗೋಡೆಗೆ ಹೇಳುತ್ತಿದ್ದ. ತಮ್ಮ ಅನ್ನ ಕಲಸುತ್ತ, “ಕೆಲವು ಮಾತು ಒಂದು ಸಲ ಕೇಳಿಸಿದ್ರೇ ಸಾಕು ಅತ್ತಿಗೆ” ಎನ್ನುತ್ತಿದ್ದ.

ಆಟದ ಸಾಮಾನಿನ ಅಂಗಡಿಯವನು ಮೂರು ತರದ ಬಾರ್ ತೋರಿಸಿದ. ಒಂದನ್ನು ಗೋಡೆ ಕೊರೆದು ಬೋಲ್ಟು ಹಾಕಿ ಕೂರಿಸಬೇಕು. ಅದು ಆಗದ ಮಾತು. ಇನ್ನೊಂದು ಕೊಕ್ಕೆಯ ತರಹದ್ದು, ದೊಡ್ಡದಾಗಿ ಸೊಟ್ಟಸೊಟ್ಟಗೆ, ಮುರಿದ ಸೈಕಲ್ಲಿನ ಹಾಗೆ ಕಾಣುತ್ತಿತ್ತು. ಮೂರನೆಯದು ಒಂದು ನೇರ ಕೊಳವೆ. ಬಾಗಿಲ ಎರಡು ಕಂಬಗಳ ನಡುವೆ ಇಟ್ಟು ತಿರುಗಿಸಿದರೆ ಉದ್ದವಾಗುತ್ತ, ತುದಿಯ ರಬ್ಬರು ಎರಡೂ ಕಡೆ ಒತ್ತಿ ಹಿಡಿದುಕೊಳ್ಳುತ್ತದೆ. ಮೊಳೆಯೂ ಬೇಡ, ತಿರುಪೂ ಬೇಡ.

“ನೂರು ಕೆಜಿ ತಡೆಯುತ್ತೆ ಸಾರ್” ಎಂದ ಅಂಗಡಿಯವನು.

ಮೇಲಿನವರು ಹಾಗಾದರೆ ಚಿಂತೆಯಿಲ್ಲವೆಂದು ಕೊಳವೆಯನ್ನೇ ಕೊಂಡು ತಂದ.

ಅಡುಗೆಮನೆಯ ಬಾಗಿಲು ಅಗಲಕ್ಕೆ ಸರಿಯಾಗಿತ್ತು. ಬಲವಾಗಿ ತಿರುಗಿಸಿದ, ಇನ್ನು ತಿರುಗುವುದಿಲ್ಲ ಎನ್ನುವ ತನಕ. ಕೈಯಿಂದ ಜಗ್ಗಿ ನೋಡಿದ, ಅಲ್ಲಾಡಲಿಲ್ಲ. ಆಪರೇಟರ್ ಆದವನು ಭಾರ ಎತ್ತುವ ಮುಂಚೆ ಕೊಂಡಿಯನ್ನು ನೋಡುವ ಹಾಗೆ ಎರಡು ತುದಿಯನ್ನೂ ನೋಡಿದ. ನೋಡದೇ ಬಿಟ್ಟದ್ದು ಒಂದನ್ನೇ. ಅಡುಗೆಯ ಜಿಡ್ಡು ತಾಗಬಾರದೆಂದು ಹಿಂದೊಮ್ಮೆ ಆ ಚೌಕಟ್ಟಿಗೆ ಹೊಳೆಯುವ ಎಣ್ಣೆ ಬಣ್ಣ ಬಳಿಸಿದ್ದರು, ಅದರ ಮೇಲೆ ಜಿಡ್ಡೂ ತಾಗಿತ್ತು. ಮೇಲಿನವರು ಜೋತುಬಿದ್ದ, ಮೊಣಕಾಲು ಮಡಚಿದ, ಒಂದು ಉಸಿರು ಎಳೆದ. ಬಾರಿನ ಸಮೇತ ಕೆಳಗೆ ಬಂದ.

ಸದ್ದಿಗೆ ಕೆಳಗಿನ ಮನೆಯವರು ಹೊರಗೆ ಬಂದು ಮೇಲೆ ನೋಡಿದರು. ಮೇಲಿನವರು ಕುಂಡೆಯ ಮೇಲೆ ಬಿದ್ದಿದ್ದ. ಹೆಂಡತಿ ಯಂತ್ರದ ಮುಂದಿನಿಂದ ಎದ್ದು ಬರುವಷ್ಟರಲ್ಲಿ ತಮ್ಮನ ಕೋಣೆಯ ಬಾಗಿಲು ತೆರೆಯಿತು. ಅವನು ಬಂದು, ಅಣ್ಣನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕಂಕುಳಲ್ಲಿ ಕೈ ಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸಿದ. ಬೆನ್ನಿನ ಮೂಳೆಯನ್ನು ಬೆರಳಿನಿಂದ ಒತ್ತೊತ್ತಿ ನೋಡಿದ. ಅಣ್ಣ ಕಿರುಚದಿದ್ದುದನ್ನು ಕಂಡು ಎದ್ದು ನಿಂತು, “ಅತ್ತಿಗೆ, ಏನೂ ಮುರಿದಿಲ್ಲ. ಐಸ್ ಇಡಿ” ಎಂದು ಹೇಳಿ ಒಳಗೆ ಹೋದ.

“ನೂರು ಕೆಜಿ ತಡೆಯುತ್ತೆ ಅಂದಿದ್ದ” ಎಂದು ಮೇಲಿನವರು ನರಳಿದ.

ನೆಲದಲ್ಲಿ ಉರುಳುತ್ತಿದ್ದ ಕೊಳವೆಯನ್ನು ಹೆಂಡತಿ ಎತ್ತಿ ನೋಡಿದಳು. “ಬಾರ್ ತಡೆದಿದೆ ರೀ. ಒಂದು ಗೀರೂ ಬಿದ್ದಿಲ್ಲ. ಬಾಗಿಲು ಹಿಡ್ಕೊಳ್ಲಿಲ್ಲ ಅಷ್ಟೇ.”

ಆ ಸಂಜೆ ಊಟಕ್ಕೆ ಕೂತಾಗ ತಮ್ಮ ತಟ್ಟೆಯನ್ನು ನೋಡುತ್ತಲೇ ಹೇಳಿದ: “ಅತ್ತಿಗೆ, ಅದನ್ನ ವಾಪಸ್ ಕೊಟ್ಟು ಕೊಕ್ಕೆದು ತರೋಕೆ ಹೇಳಿ. ಅದು ಚೌಕಟ್ಟಿನ ಮೇಲಂಚಿಗೆ ಹಿಂದಿನಿಂದ ಕೂತ್ಕೊಳ್ಳುತ್ತೆ. ಭಾರ ಬಿದ್ದಷ್ಟೂ ಬಿಗಿಯಾಗುತ್ತೆ. ಕಾಲೇಜಲ್ಲಿ ಜಿಮ್ನಾಸ್ಟಿಕ್ಸ್ ಟೀಮಲ್ಲಿದ್ದಾಗ ನಮ್ಮ ಹಾಸ್ಟೆಲಲ್ಲಿ ಅದೇ ಇತ್ತು. ಆದ್ರೆ ಗೋಡೆಯಿಂದ ಹೊರಗೆ ಬಂದಿರೋ ಗಟ್ಟಿ ಮರದ ಅಂಚು ಬೇಕು.”

“ಅವನಿಗೆ ಹೇಳು, ಯಾವ ಬಾಗಿಲಿಗೆ ಅಂಥ ಅಂಚಿದೆ ಅಂತ ನನಗೇನು ಗೊತ್ತು” ಎಂದ ಅಣ್ಣ, ದಿಂಬಿನ ಮೇಲೆ ಕೂತವನು.

“ನಿಮ್ಮಿಬ್ಬರ ಮಧ್ಯೆ ನಾನೇನು ಟೆಲಿಫೋನ್ ತಂತಿನಾ?” ಎಂದಳು ಹೆಂಡತಿ. ಆದರೂ ಊಟವಾದ ಮೇಲೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆಪಟ್ಟಿ ತೆಗೆದುಕೊಂಡು, ಸ್ಟೂಲು ಹಾಕಿ, ಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಅಳೆದಳು. ಪರದೆ ಹೊಲಿಯುವವರ ಕಣ್ಣಿಗೆ ಬಾಗಿಲು ಕಿಟಕಿಗಳು ಸುಳ್ಳು ಹೇಳಲಾರವು. ಅಡುಗೆಮನೆಗೆ ಹೊರ ಅಂಚೇ ಇರಲಿಲ್ಲ. ಬಚ್ಚಲಿನದು ಪ್ಲಾಸ್ಟಿಕ್ಕು. ಅವರು ಮಲಗುವ ಕೋಣೆಗೆ ಅಂಚೇನೋ ಇತ್ತು, ಹೆಬ್ಬೆರಳಲ್ಲಿ ಒತ್ತಿದರೆ ಹಲ್ಲಿನ ಹಾಗೆ ಅಲ್ಲಾಡಿತು. ಬರಿಯ ಅಂಟು ಹಾಕಿ ಅಂಟಿಸಿದ್ದು. ಕೊನೆಗೆ ಮೈದುನನ ಕೋಣೆಯ ಬಾಗಿಲಿಗೆ ಬಂದಳು. ಒತ್ತಿದಳು, ಗುದ್ದಿದಳು, ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಹಳೆಯ ಗಟ್ಟಿ ಮರ, ಬೆರಳಗಲ ಹೊರಬಂದಿದ್ದ ಅಂಚು, ಗೋಡೆಯ ದಪ್ಪವೂ ಹೊಂದುವಂತಿತ್ತು.

“ಇದೊಂದೇ” ಎಂದಳು.

ಅಣ್ಣ ತಮ್ಮ ಇಬ್ಬರೂ ತಲೆಯೆತ್ತಿ ಆ ಅಂಚನ್ನು ನೋಡಿದರು.

“ಬಾರ್ ಹಾಕಿದ್ರೆ ಬಾಗಿಲು ಮುಚ್ಚೋಕಾಗಲ್ಲ ಅತ್ತಿಗೆ” ಎಂದ ತಮ್ಮ.

“ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು. ಆಮೇಲೆ ತೆಗೆದಿಡ್ತೀನಿ ಅಂತ ಹೇಳು” ಎಂದ ಅಣ್ಣ.

“ನಾನು ಆಗ ಮಲಗಿರ್ತೀನಿ.”

“ಮಲ್ಕೊಳ್ಲಿ. ನಾನೇನು ಅವನ ಮೇಲೆ ಜೋತುಬೀಳ್ತೀನಾ?”

ಹೆಂಡತಿ ಸ್ಟೂಲಿನಿಂದ ಇಳಿದಳು. “ಮುಗೀತಾ? ಹಾಗಾದ್ರೆ ನಾಳೆ ತನ್ನಿ.”

ಹೊಸ ಬಾರ್ ಅಂಚಿನ ಮೇಲೆ ಗಟ್ಟಿಯಾಗಿ ಕೂತಿತು. ಕೊಕ್ಕೆ ಕೋಣೆಯ ಒಳಬದಿಗೆ, ಹಿಡಿಕೆ ನಡುಕೋಣೆಯ ಬದಿಗೆ. ಹಾಗಾಗಿ ಜೋತುಬಿದ್ದವನ ಮುಖ ನೇರವಾಗಿ ತಮ್ಮನ ಮಂಚದ ಕಡೆಗೆ. ಬೆಳಗಿನ ಹೊತ್ತು ಕಣ್ಣು ಬಿಟ್ಟ ತಮ್ಮನಿಗೆ ಮೊದಲು ಕಾಣುತ್ತಿದ್ದದ್ದು ಅಂಗಿ ಮೇಲೆ ಸರಿದು ಬಾಗಿಲ ನಡುವೆ ತೂಗುತ್ತಿದ್ದ ಅಣ್ಣನ ಹೊಟ್ಟೆ. ಅವನು ಗೋಡೆಯ ಕಡೆ ಹೊರಳುತ್ತಿದ್ದ.

ಮೊದಲ ವಾರ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೇಲಿನವರು ಹಿಡಿಯುತ್ತಿದ್ದ, ಬಿಡುತ್ತಿದ್ದ, ಅಂಗೈ ನೋಡಿಕೊಳ್ಳುತ್ತಿದ್ದ. ಬೆರಳ ಬುಡದಲ್ಲಿ ಬೊಬ್ಬೆ ಎದ್ದವು. ಹೆಂಡತಿ ಹಳೆ ಪರದೆಯ ದಪ್ಪ ಬಟ್ಟೆಯನ್ನು ಹಿಡಿಕೆಗೆ ಸುತ್ತಿ ಹೊಲಿದುಕೊಟ್ಟಳು. ಅದರ ಹೂವಿನ ಚಿತ್ರ ನೋಡಿ ಮೇಲಿನವರಿಗೆ ನಾಚಿಕೆಯಾದರೂ ಕೈಗೆ ಹಿತವಾಗಿತ್ತು. ನೇತಾಡುವ ಹೊತ್ತು ನಿಧಾನವಾಗಿ ಹೆಚ್ಚಿತು. ಎಳೆದುಕೊಳ್ಳುವುದು ಮಾತ್ರ ಅಲ್ಲಿಗಲ್ಲಿಗೇ. ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಮೈ ಮೇಲೇರದೆ ಭುಜ ಮಾತ್ರ ಕಿವಿಯ ತನಕ ಏರುತ್ತಿತ್ತು.

ಒಂದು ಬೆಳಿಗ್ಗೆ ಅವನು ಹಾಗೆ ಕೆಂಪಾಗಿರುವಾಗ ಮಂಚದ ಕಡೆಯಿಂದ ಮಾತು ಬಂತು.

“ಉಸಿರು ಬಿಡು.”

ಮೇಲಿನವರು ಉಸಿರನ್ನಲ್ಲ, ಬಾರನ್ನೇ ಬಿಟ್ಟುಬಿಟ್ಟ. ಕಾಲೂರಿ ನಿಂತು ಬೆಪ್ಪಾಗಿ ನೋಡಿದ. ತಮ್ಮ ಮಗ್ಗುಲಾಗಿ ಮಲಗಿಯೇ ಇದ್ದ, ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೆ.

“ಏನಂದೆ?”

“ಉಸಿರು ಕಟ್ಕೊಂಡು ಎಳೀಬೇಡ. ತಲೆ ತಿರುಗಿ ಬೀಳ್ತೀಯ. ಎಳೀವಾಗ ಬಿಡಬೇಕು. ಭುಜ ಮೊದಲು ಕೆಳಗೆ ತರ್ಬೇಕು, ಜೇಬಿಗೆ ಹಾಕ್ಕೋತೀನಿ ಅನ್ನೋ ಹಾಗೆ.”

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಹೆಂಡತಿ ಸೋಸುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಬೇರೆ ಏನೂ ಕೇಳಿಸಲಿಲ್ಲ. ಆದರೆ ಆ ದಿನ ಮೂವರಿಗೂ ಚಹಾ ಒಟ್ಟಿಗೇ ತಂದಿಟ್ಟಳು.

ಮಾರನೆಯ ದಿನ ತಮ್ಮ ಎದ್ದೇ ಕೂತಿದ್ದ. ಮೇಲೆ ಎಳೆದುಕೊಳ್ಳುವ ಮುಂಚೆ ಕೆಳಗೆ ಇಳಿಯುವುದನ್ನು ಕಲಿಯಬೇಕೆಂದ. ಸ್ಟೂಲು ಹತ್ತಿ ಗಲ್ಲವನ್ನು ಬಾರಿನ ಮೇಲಿಟ್ಟುಕೊಂಡು, ಕಾಲು ತೆಗೆದು, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಇಳಿಯಬೇಕು. ಮೇಲಿನವರು ಮೊದಲ ಸಲ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದ. “ಬಕೆಟ್ ಇಳಿಸ್ತೀಯಲ್ಲ, ಹಾಗೆ ಇಳಿಸು. ಕಾಂಕ್ರೀಟನ್ನ ಹೀಗೆ ಬಿಟ್ರೆ ಕೆಳಗಿದ್ದವರ ಗತಿಯೇನು?” ಎಂದ ತಮ್ಮ. ಆ ಮಾತು ಅಣ್ಣನಿಗೆ ತಟ್ಟಿತು. ಎರಡನೆಯ ಸಲ ಮೈ ನಡುಗುತ್ತ, ಆದರೆ ನಿಧಾನವಾಗಿ ಇಳಿದ.

ಉತ್ಸಾಹ ಹೆಚ್ಚಾಗಿ ಒಂದು ದಿನ ಬೆಳಿಗ್ಗೆಯೂ ಮಾಡಿ, ಸಂಜೆ ತಮ್ಮ ಬರುವ ಮುಂಚೆಯೂ ಮಾಡಿದ. ಮಾರನೆಯ ದಿನ ಮೊಣಕೈ ಒಳಬದಿ ಹಿಡಿದುಕೊಂಡು ಚಹಾದ ಲೋಟ ಎತ್ತುವುದೂ ಕಷ್ಟವಾಯಿತು. ತಮ್ಮ ನೋಡಿದವನೇ ಬಾರನ್ನು ಕಳಚಿ ತನ್ನ ಮಂಚದ ಕೆಳಗೆ ತಳ್ಳಿದ. ನೋವು ಹೋಗುವ ತನಕ ಕೇಳಬೇಡ ಎಂದ.

“ಪರೀಕ್ಷೆ ಹತ್ತಿರ ಬಂತು ಕಣೋ.”

“ಅದಕ್ಕೇ ಹೇಳ್ತಿರೋದು. ಮೊದಲಿಂದಲೂ ನಿನಗೆ ಎಲ್ಲದಕ್ಕೂ ಅವಸರ.”

ಅವಸರದ ಮಾತು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಮೂರ್ನಾಲ್ಕು ದಿನ ಬಿಟ್ಟು ಬಾರ್ ಮತ್ತೆ ಬಾಗಿಲಿಗೆ ಬಂತು. ಆ ಬೆಳಿಗ್ಗೆ ಅಣ್ಣ ಬರಿದೆ ಜೋತುಬೀಳಬೇಕು, ಬೇರೇನೂ ಬೇಡ ಎಂದು ತಮ್ಮ ಹೇಳಿದ್ದ. ಅಣ್ಣ ಹೂವಿನ ಬಟ್ಟೆಯ ಹಿಡಿಕೆ ಹಿಡಿದು ಕಾಲೆತ್ತಿದ. ತಮ್ಮ ಮಂಚದ ಅಂಚಿನಲ್ಲಿ ಕೂತು, ಬಿಚ್ಚಿ ಹಿಡಿದ ಕೈಗಡಿಯಾರ ನೋಡುತ್ತಿದ್ದ. ನೋಡುತ್ತ ನೋಡುತ್ತಲೇ ಮಾತು ಶುರುಮಾಡಿದ.

“ಅವಳಿಗೆ ಮದುವೆ ಇಷ್ಟವಿರಲಿಲ್ಲ. ನನ್ನನ್ನ ಅಂತಲ್ಲ, ಯಾರನ್ನೂ. ಅವರಪ್ಪನ ಬಲವಂತಕ್ಕೆ ಆಗಿದ್ದು. ಮೂರು ವರ್ಷ ನನ್ನ ಜೊತೆ ಚೆನ್ನಾಗೇ ಇದ್ಲು. ಜಗಳ ಇಲ್ಲ, ಏನಿಲ್ಲ. ಒಂದು ದಿನ ಬಟ್ಟೆ ಮಡಚ್ತಾ ಇದ್ದೋಳು ಹೇಳಿದ್ಲು, ನಾನು ಈ ಮನೇಲಿ ಅತಿಥಿ ಥರ ಇದೀನಿ, ನೀವು ಒಳ್ಳೆಯವರು ಅನ್ನೋದಕ್ಕೇ ಹೋಗೋಕಾಗ್ತಿಲ್ಲ ಅಂತ.”

ಮೇಲಿನವರ ಬೆರಳು ಜಾರತೊಡಗಿದವು. ದಿನವೂ ಬಿಟ್ಟುಬಿಡುವ ಹೊತ್ತು ದಾಟುತ್ತಿತ್ತು. ಬಿಟ್ಟು ನೆಲಕ್ಕೆ ಕಾಲೂರಿದರೆ ಈ ಮಾತು ಅಲ್ಲಿಗೇ ನಿಲ್ಲುತ್ತದೆ ಎಂದು ಅವನಿಗೆ ಅನ್ನಿಸಿತು. ಬೆರಳನ್ನು ಮತ್ತೆ ಬಿಗಿ ಮಾಡಿದ.

“ಹಾಗಾದ್ರೆ ಹೋಗು ಅಂದೆ. ಯಾರಿಗೂ ಕಾರಣ ಹೇಳ್ಬೇಡಿ, ಅಪ್ಪ ನನ್ನ ಸುಮ್ನೆ ಬಿಡಲ್ಲ ಅಂದ್ಲು. ಸರಿ ಅಂದೆ. ಸಾಮಾನು ಕಟ್ಟೋಕೆ ನಾನೇ ಸಹಾಯ ಮಾಡಿದೆ ಅಣ್ಣ. ಅವಳು ಆಟೋ ಹತ್ತೋವರೆಗೂ ನಗ್ತಾನೇ ಇದ್ದೆ. ಅವತ್ತು ಸಂಜೆ ಇಲ್ಲಿಗೆ ಬಂದೆ. ಏನಾಯ್ತೋ ಅಂತ ನೀನು ಒಂದು ಮಾತು ಕೇಳ್ತೀಯ ಅಂದ್ಕೊಂಡಿದ್ದೆ.”

ತೋಳು ನಡುಗುತ್ತಿತ್ತು. ಹಣೆಯ ಬೆವರು ಕಣ್ಣಿಗಿಳಿದು ಉರಿಯಿತು. ಜೋತುಬಿದ್ದವನು ಎದುರುತ್ತರ ಕೊಡಲಾರ, ಕಣ್ಣೂ ಒರೆಸಿಕೊಳ್ಳಲಾರ. ಅವನು ಕೇಳುತ್ತ ತೂಗುತ್ತಿದ್ದ. ತಮ್ಮನ ಮಾತು ಮುಗಿದ ಮೇಲೆ ಅಣ್ಣ ಕೈಬಿಟ್ಟು ಹೊಸ್ತಿಲ ಮೇಲೇ ಕುಸಿದು ಕೂತ.

ಕಣ್ಣಿನ ಬೆವರು ಒರೆಸಿಕೊಳ್ಳುತ್ತ, “ಅವತ್ತು ಬಾಯಿ ಜಾರಿತು ಕಣೋ” ಎಂದ.

ತಮ್ಮ ಗಡಿಯಾರ ಕೆಳಗಿಟ್ಟ. “ಹೌದು. ನನಗೂ ವರ್ಷ ಬೇಕಾಗಿರಲಿಲ್ಲ ಅದನ್ನ ನುಂಗೋಕೆ. ಆದ್ರೆ ಒಂದು ಸಲ ಮಾತು ಬಿಟ್ಟ ಮೇಲೆ ಮತ್ತೆ ಹೇಗೆ ಶುರು ಮಾಡೋದು ಅಂತ ಗೊತ್ತಾಗ್ಲಿಲ್ಲ.” ಎದ್ದು ಅಣ್ಣನ ಅಂಗೈ ತಿರುಗಿಸಿ ನೋಡಿದ, ಒಂದು ಬೊಬ್ಬೆ ಒಡೆದಿತ್ತು. “ಇವತ್ತು ನಿಮಿಷದ ಮೇಲಾಯ್ತು ನೋಡು. ಪರೀಕ್ಷೆಗೆ ಬೇಕಿರೋದು ಅರ್ಧ.”

“ನೀನು ಬೇಗ ಹೇಳಿ ಮುಗಿಸ್ಬಾರ್ದಿತ್ತಾ?”

ಅಡುಗೆಮನೆಯಿಂದ ಹೆಂಡತಿ ಮೂಗು ಎಳೆದ ಸದ್ದು ಬಂತು. ಈರುಳ್ಳಿ ಎಂದಳು. ಆ ಹೊತ್ತಿನಲ್ಲಿ ಅವಳು ಹೆಚ್ಚುತ್ತಿದ್ದದ್ದು ಈರುಳ್ಳಿಯಾಗಿರಲಿಲ್ಲ, ಆದರೆ ಯಾರೂ ಹೋಗಿ ನೋಡಲಿಲ್ಲ.

ಪರೀಕ್ಷೆಯ ದಿನ ಕಟ್ಟಡದ ಅಂಗಳದಲ್ಲಿ ಎರಡು ಕಂಬಕ್ಕೆ ಅಡ್ಡಲಾಗಿ ಕಬ್ಬಿಣದ ಸರಳು ಕಟ್ಟಿ, ಕೆಳಗೆ ದಪ್ಪ ಚಾಪೆ ಹಾಸಿದ್ದರು. ಸುರಕ್ಷಾಧಿಕಾರಿ ಮಗಳ ವಯಸ್ಸಿನ ಹೆಂಗಸು, ಮಾತು ಕಡಿಮೆ. ಸುತ್ತ ಕೆಲಸಗಾರರು ಊಟದ ಡಬ್ಬಿ ಹಿಡಿದುಕೊಂಡೇ ನೆರೆದಿದ್ದರು. ಮೀಸೆ ಮೊದಲು ಹೋದ. ಜೋತುಬಿದ್ದು ಅರ್ಧ ನಿಮಿಷ ಕಳೆದ, ಎಳೆದುಕೊಳ್ಳಲು ಹೋದಾಗ ಮೀಸೆಯ ತುದಿಯೂ ಸರಳಿಗೆ ತಾಗಲಿಲ್ಲ. “ಮುಂದಿನ ತಿಂಗಳು ಬನ್ನಿ” ಎಂದಳು ಅಧಿಕಾರಿ.

ಮೇಲಿನವರು ಸರಳು ಹಿಡಿದ. ಇದಕ್ಕೆ ಹೂವಿನ ಬಟ್ಟೆ ಇರಲಿಲ್ಲ. ತಣ್ಣಗೆ, ಒರಟಾಗಿ, ತನ್ನ ಏಣಿಯ ಮೆಟ್ಟಿಲಿನ ಹಾಗೇ ಇತ್ತು. ನೇತಾಡುವುದು ಸುಲಭವಾಗಿ ಮುಗಿಯಿತು. ಎಳೆದುಕೊಂಡ. ಹಣೆ ಬಂತು, ಕಣ್ಣು ಬಂತು, ಮೂಗು ಬಂದು ಸರಳಿಗೆ ನೇರ ನಿಂತಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಇಳಿದುಬಿಟ್ಟ.

“ಗಲ್ಲ” ಎಂದಳು ಅಧಿಕಾರಿ. “ಎಲ್ಲರದೂ ಆದ ಮೇಲೆ ಇನ್ನೊಂದು ಸಲ ನೋಡಬಹುದು.”

ಅವನು ನೀರು ಕುಡಿದು ಮರಳಿನ ರಾಶಿಯ ಮೇಲೆ ಕೂತ. ಮೀಸೆ ಪಕ್ಕದಲ್ಲಿ ಬಂದು ಕೂತು ಅವನ ತೋಳು ತಿಕ್ಕಿದ. ಮೀಸೆ ಏನೂ ಹೇಳದೆ ಇದ್ದದ್ದೇ ಆ ದಿನದ ದೊಡ್ಡ ವಿಶೇಷ ಎಂದು ಆಮೇಲೆ ಜನ ಮಾತಾಡಿಕೊಂಡರು.

ಎರಡನೆಯ ಸಲ ಮೇಲಿನವರು ಭುಜವನ್ನು ಕೆಳಗೆ ತಂದ, ಬಾಯಿ ತೆರೆದು ಉಸಿರು ಬಿಡುತ್ತ ಎಳೆದ. ಮೂಗಿನ ತನಕ ಬಂದಾಗ ಮತ್ತೆ ನಿಂತಿತು. ಕಾಲು ತಾನಾಗಿಯೇ ಒದ್ದಾಡಿತು, ನೀರಿಗೆ ಬಿದ್ದ ನಾಯಿಯ ಹಾಗೆ. ಕೆಲಸಗಾರರು, “ಮೇಲಿನವರೇ, ಮೇಲೆ! ಇನ್ನೂ ಮೇಲೆ!” ಎಂದು ಕೂಗಿದರು. ಗಡ್ಡದ ಕೂದಲು ಕಬ್ಬಿಣಕ್ಕೆ ಉಜ್ಜಿತು, ಗಲ್ಲ ಸರಳಿನ ಮೇಲೆ ಬಂತು, ಒಂದು ಕ್ಷಣ ನಿಂತಿತು.

“ಆಯ್ತು” ಎಂದಳು ಅಧಿಕಾರಿ. ಮೊದಲ ಸಲ ನಕ್ಕಳು. “ಕಾಲಿನ ಬಗ್ಗೆ ನಿಯಮದಲ್ಲೇನೂ ಬರೆದಿಲ್ಲ.”

ಮನೆಗೆ ಬಂದು ಹೇಳಿದಾಗ ಹೆಂಡತಿ ಸೆರಗಿನಿಂದ ಅವನ ಗಲ್ಲದ ತುಕ್ಕು ಒರೆಸಿದಳು. ತಮ್ಮ ಕೈಕುಲುಕಿದ. ಚಹಾ ಕುಡಿದು ಮುಗಿಯುವ ತನಕ ಕಾದು, ತನಗೂ ಒಂದು ಸುದ್ದಿಯಿದೆ ಎಂದ. ಅಂಗಡಿಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ, ಭಾನುವಾರ ಹೋಗುತ್ತೇನೆ.

ಮೇಲಿನವರ ಮುಖ ಇಳಿಯಿತು. “ಈಗ ತಾನೆ ಮಾತಾಡೋಕೆ ಶುರು ಮಾಡಿದ್ವಿ. ಈಗ ಹೋಗ್ತೀನಿ ಅಂತೀಯಲ್ಲೋ?”

“ಮಾತು ಬಿಟ್ಟಿದ್ದಾಗ ಹೋಗಿದ್ರೆ ಮುನಿಸ್ಕೊಂಡು ಹೋದ ಅಂತಾಗ್ತಿತ್ತು ಅಣ್ಣ. ಅದಕ್ಕೇ ಇಷ್ಟು ದಿನ ಇದ್ದೆ. ಈಗ ಹೋದ್ರೆ ಬರೀ ಮನೆ ಬದಲಾಯಿಸ್ದ, ಅಷ್ಟೇ.”

ಅಣ್ಣ ಯೋಚಿಸಿದ. ತಪ್ಪು ಹುಡುಕಲು ನೋಡಿದ, ಸಿಗಲಿಲ್ಲ. “ಅವಳು ಈಗ ಹೇಗಿದ್ದಾಳೆ?” ಎಂದು ಕೇಳಿದ.

“ಗೊತ್ತಿಲ್ಲ. ಚೆನ್ನಾಗಿರ್ಬೇಕು. ಯಾವುದೋ ಶಾಲೇಲಿ ಚಿತ್ರಕಲೆ ಹೇಳಿಕೊಡ್ತಾಳಂತೆ.”

“ಒಳ್ಳೇದಾಯ್ತು ಬಿಡು” ಎಂದ ಮೇಲಿನವರು. ಅದನ್ನು ಹೇಳುವಾಗ ಅವನ ದನಿ ಸಹಜವಾಗಿತ್ತು. ತಮ್ಮ ತಲೆಯಾಡಿಸಿದ.

ಭಾನುವಾರ ಮೂವರೂ ಸೇರಿ ಸಾಮಾನು ಸಾಗಿಸಿದರು. ಸಾಗಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಹೊಸ ಕೋಣೆ ಮೂರನೇ ಮಹಡಿ, ಮೆಟ್ಟಿಲು ಇಕ್ಕಟ್ಟು. ಮನೆಯಿಂದ ಕೊಟ್ಟ ಹಳೆ ಮೇಜನ್ನು ಅಣ್ಣ ಒಬ್ಬನೇ ಹೊತ್ತು ತರುತ್ತೇನೆಂದು ಹಟ ಮಾಡಿ ತಿರುವಿನಲ್ಲಿ ಸಿಕ್ಕಿಹಾಕಿಕೊಂಡ. ಮೇಜು ಒಂದು ಕಡೆ, ಅವನೊಂದು ಕಡೆ, ಕೆಳಗಿನಿಂದ ಹಾಲು ತರುತ್ತಿದ್ದ ಅಜ್ಜಿಯೊಬ್ಬಳು ದಾರಿ ಬಿಡುವ ತನಕ ಬಯ್ಯುತ್ತಲೇ ನಿಂತಿದ್ದಳು. ಹೆಂಡತಿ ಕಿಟಕಿ ಅಳೆದು, ಬೆಳಿಗ್ಗೆ ಬಿಸಿಲು ನೇರ ಬರುತ್ತದೆ, ಪರದೆ ಹೊಲಿದು ಕಳಿಸುತ್ತೇನೆ ಎಂದಳು. ಬೇಡ ಅತ್ತಿಗೆ, ಬಿಸಿಲು ಬರಲಿ ಎಂದ ಮೈದುನ. ಕೇಳಿದವರು ಯಾರು ನಿನ್ನನ್ನ ಎಂದಳು ಅವಳು.

ಒಂದೆರಡು ವಾರ ಕಳೆಯಿತು. ಒಂದು ಸಂಜೆ ಮೇಲಿನವರು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಫೋನು ಬಂತು. ಒದ್ದೆ ಕೈಯಲ್ಲೇ ಎತ್ತಿಕೊಂಡು ಬಾಲ್ಕನಿಗೆ ಹೋದ. ಹೆಂಡತಿ ಒಂದು ಪರದೆಯ ಅಂಚು ಹೊಲಿದು ಮುಗಿಸಿ, ಇನ್ನೊಂದನ್ನು ಯಂತ್ರಕ್ಕೆ ಹಾಕಿದರೂ ಅವನು ಒಳಗೆ ಬರಲಿಲ್ಲ. “ಮೊದಲು ಮೇನ್ ವಾಲ್ವ್ ಬಂದ್ ಮಾಡು. ಮಾಡಿದ್ಯಾ? ಎಡಕ್ಕೋ, ಬಲಕ್ಕೋ? ಅಯ್ಯೋ, ಅದಲ್ಲ ಕಣೋ!” ಎಂಬ ಮಾತು ಕೇಳಿ ಬರುತ್ತಿತ್ತು. ನಡುವೆ ನಗು, ಮತ್ತೆ ಮೀಸೆಯ ಸುದ್ದಿ, ಮತ್ತೆ ನಲ್ಲಿ.

ಕೊನೆಗೆ ಒಳಗೆ ಬಂದಾಗ ಅವಳು ಕೇಳಿದಳು, “ಯಾರ್ರೀ ಅದು, ಇಷ್ಟು ಹೊತ್ತು?”

“ತಮ್ಮ. ಅಡುಗೆಮನೆ ನಲ್ಲಿ ಸೋರ್ತಿದೆಯಂತೆ.”

“ರಿಪೇರಿ ಆಯ್ತಾ?”

“ಇಲ್ಲ” ಎಂದ ಮೇಲಿನವರು, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ. “ಅವನ ಕೈಲಿ ಆಗಲ್ಲ. ಬುಧವಾರ ನಾನೇ ಹೋಗಿ ಮಾಡಿಕೊಟ್ಟು ಬರ್ತೀನಿ. ಊಟ ಅಲ್ಲೇ ಅಂತೆ.”